ಹೊಟೇಲೂ ಸಮತೆಯೂ

ಉಡುಪಿಯ ರಥಬೀದಿಯ ಹಳೆಯ ಹೊಟೇಲಾದ ‘ಮಿತ್ರ ಸಮಾಜ’ವನ್ನು ಅರಿಯದ ಯಾತ್ರಿಕರು ವಿರಳ. ಅಲ್ಲಿಯ ದೋಸೆಯನ್ನು ಕೊಂಡಾಡುವವರು ಅನೇಕರು. ಕರಾವಳಿಯ ಹೊಟೇಲುಗಳು ನಾಡಿಗೆ ಸಲ್ಲಿಸಿದ ಸೇವೆಯನ್ನು ವಿಚಾರಿಸಿದವರು ಕೆಲವರೇ.

ಉಡುಪಿಯು ಮದ್ರಾಸು ಪ್ರಾಂತಕ್ಕೂ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ಮುಂಬಯಿ ಪ್ರಾಂತಕ್ಕೂ ಸೇರಿ ಕನ್ನಡ ನಾಡು ಹರಿದು ಹಂಚಿಹೋಗಿದ್ದ ಕಾಲವದು. ಸಭೆಗಳಲ್ಲಿ ಏಕೀಕರಣದ ಠರಾವುಗಳು ಆಗುತ್ತಿದ್ದಾಗಲೇ ಕರಾವಳಿಯ ಅಡಿಗೆಯವರು ಸೀಮೆಗಳನ್ನು ಲೆಕ್ಕಿಸದೆ ಹೊರಟರು. ಮಯ್ಯ ಸಹೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ, ಕಡಂದಲೆ ಕೃಷ್ಣರಾಯರು ೧೯೩೮ರಲ್ಲಿ ಮದ್ರಾಸಿನಲ್ಲಿ, ರಾಮ ನಾಯಕರು ೧೯೪೨ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಉಪಾಹಾರಗೃಹಗಳನ್ನು ಸ್ಥಾಪಿಸಿದರು. ೧೯೫೬ರ ನವೆಂಬರ ೧ರಂದು ನಾಡು ಒಂದಾಗುವುದಕ್ಕೆ ಬಹು ಮೊದಲೇ ಪರಸ್ಥಳದ ಕನ್ನಡಿಗನಿಗೆ ಅನ್ನವೂ ತಾಯ್ನುಡಿಯೂ ಒಂದೇ ಸೂರಿನಡಿ ದೊರೆತವು.

ಆದರೆ ಈ ಚರಿತ್ರೆಯೆಲ್ಲವೂ ಉಜ್ವಲವೆಂದು ಹೇಳಲಾಗದು. ಮಯ್ಯರ ಹೊಟೇಲಿನ ಮೊದಲ ಹೆಸರೇ ‘ಬ್ರಾಹ್ಮಣ ಕಾಫಿ ಕ್ಲಬ್’. ಅಂದಿನ ಎಷ್ಟೋ ಹೊಟೇಲುಗಳಲ್ಲಿ ಜಾತಿಗೊಂದು ಪಂಕ್ತಿಯಿತ್ತು. ಹರಿಜನರಿಗೆ ಬಾಗಿಲೇ ಇರಲಿಲ್ಲ. ಆದರೂ ಹಣ ಕೊಟ್ಟವನಿಗೆ ಉಣಬಡಿಸುವ ವೃತ್ತಿಯು ಕುಲವನ್ನು ಕೇಳುತ್ತ ಬಹುಕಾಲ ನಿಲ್ಲಲಾರದು. ಪಟ್ಟಣದ ಇಕ್ಕಟ್ಟಿನ ಮೇಜು ಮಡಿವಂತಿಕೆಯನ್ನು ಮೆಲ್ಲಮೆಲ್ಲನೆ ಸಡಿಲಿಸಿತು. ೧೯೫೦ರಲ್ಲಿ ಜಾರಿಗೆ ಬಂದ ರಾಜ್ಯಘಟನೆಯ ೧೫ನೆಯ ಅನುಚ್ಛೇದವು ಹೊಟೇಲುಗಳ ಹೆಸರನ್ನೇ ಎತ್ತಿ, ಜಾತಿಯ ಕಾರಣದಿಂದ ಅಲ್ಲಿ ಯಾರನ್ನೂ ತಡೆಯಕೂಡದೆಂದು ವಿಧಿಸಿತು. ೧೯೫೫ರ ಕಾಯಿದೆಯು ಅಂಥ ತಡೆಯನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು.

ಇಂದು ವಿಜಯಪುರ ಜಿಲ್ಲೆಯ ಪೇಟೆಗಳಲ್ಲಿ ಜೋಳದ ರೊಟ್ಟಿಯ ಖಾನಾವಳಿಯೂ ಉಡುಪಿಯ ಇಡ್ಲಿಯೂ ನೆರೆಹೊರೆಯಾಗಿ ಬಾಳುತ್ತಿವೆ. ಇದು ಸಂತೋಷದ ಸಂಗತಿ. ಆದರೆ ಪೇಟೆಯನ್ನು ದಾಟಿ ಹಳ್ಳಿಯ ಚಹಾದಂಗಡಿಗೆ ಹೋದಾಗ ಅಲ್ಲಿ ಬೇರೆ ಬಟ್ಟಲು, ಬೇರೆ ಕಟ್ಟೆ ಕಂಡುಬಂದರೆ ನಾವು ಏನೆನ್ನಬೇಕು? ಬಾಗೇವಾಡಿಯು ಬಸವಣ್ಣನವರ ಜನ್ಮಭೂಮಿಯೆಂದು ಪ್ರಸಿದ್ಧವಾದುದು. ಹನ್ನೆರಡನೆಯ ಶತಮಾನದಲ್ಲಿಯೇ ದಾಸೋಹದ ತತ್ತ್ವವನ್ನು ಸಾರಿದ ಮಹಾಪುರುಷನ ಸೀಮೆಯಲ್ಲಿ ಕುಡಿಯುವ ಬಟ್ಟಲಿಗೆ ಜಾತಿಯನ್ನು ಅಂಟಿಸುವುದು ಅವರ ಹೆಸರಿಗೇ ಮಾಡುವ ಅಪಚಾರ.

ಕಾನೂನು ಮಾಡುವುದು ಸರಕಾರದ ಕೆಲಸ. ಅದನ್ನು ನಡೆಸುವುದು ಅಧಿಕಾರಿಗಳ ಧರ್ಮ. ತಾಲೂಕಿನ ಅಧಿಕಾರಿಗಳು ದೂರು ಬರುವ ತನಕ ಕಾಯದೆ ಅಂಗಡಿಗಳನ್ನು ತಾವಾಗಿಯೇ ನೋಡಿ ಬರಲಿ. ಅಪರಾಧ ಕಂಡಲ್ಲಿ ಖಟ್ಲೆ ಹೂಡಲಿ. ಸುಶಿಕ್ಷಿತ ನಾಗರಿಕರಿಗೂ ಒಂದು ಕರ್ತವ್ಯವುಂಟು: ಬಟ್ಟಲು ಎರಡಾಗಿರುವ ಅಂಗಡಿಯಲ್ಲಿ ಅವರು ಚಹಾ ಕುಡಿಯಬಾರದು, ಮತ್ತು ಏಕೆ ಕುಡಿಯುವುದಿಲ್ಲವೆಂಬುದನ್ನು ಅಂಗಡಿಕಾರನಿಗೆ ಸ್ಪಷ್ಟವಾಗಿ ಹೇಳಬೇಕು.