ಹಳದಿ ಬೋರ್ಡಿನ ಚರಿತ್ರೆ

ಬೆಂಗಳೂರಿನ ಗೆಳೆಯರೊಬ್ಬರು ಹಳೆಯ ಕಾರುಗಳ ಚಿತ್ರಪುಸ್ತಕ ಬಿಡಿಸಿ, 'ಇದು ನೋಡಿ, ಚರಿತ್ರೆ ಅಂದರೆ' ಎಂದರು. ಮರ್ಸಿಡಿಸ್ ಬೆಂಜ್ 240 ಟಿಡಿ. ಡಿಕ್ಕಿಯ ಬದಲು ಟಾಪನ್ನೇ ಕೊನೆಯವರೆಗೆ ಎಳೆದು ಸಾಮಾನಿಗೆ ಜಾಗ ಮಾಡಿದ ಡೀಸೆಲ್ ಸ್ಟೇಷನ್ ವ್ಯಾಗನ್. ಈ ಸರಣಿಯನ್ನು ಜನ ಮೊದಲು ಕಂಡದ್ದು 1977ರಲ್ಲಿ, ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ. ಬ್ರೆಮೆನ್ ಕಾರ್ಖಾನೆಯಲ್ಲಿ ಸುಮಾರು 2 ಲಕ್ಷ ತಯಾರಾದವು. ನನಗೆ ನಗು ಬಂತು. ಅದರ ಎಂಜಿನ್ನಿನ ಸದ್ದು ಕೇಳುತ್ತಲೇ ಬೆಳೆದವನು ನಾನು.

ನಮ್ಮ ಮಾಡದಕೆರೆಯಲ್ಲಿ ಬೆಂಜ್ ಯಾರ ಮನೆಯಲ್ಲಿತ್ತು ಎಂದು ಕೇಳಬೇಡಿ. ಕಾರು ಬರಲಿಲ್ಲ, ಎಂಜಿನ್ ಬಂತು. ಓಎಂ 616 ಎಂಬ 2.4 ಲೀಟರಿನ ಆ ನಾಲ್ಕು ಸಿಲಿಂಡರ್ ಎಂಜಿನ್ನನ್ನು ಬಜಾಜ್ ಟೆಂಪೊ ಕಂಪನಿ ಪರವಾನಗಿ ಪಡೆದು ಇಲ್ಲೇ ತಯಾರಿಸಿ ಟ್ರ್ಯಾಕ್ಸಿಗೆ ಹಾಕಿತು. ಆ ಕಂಪನಿ 2005ರಿಂದ ಫೋರ್ಸ್ ಮೋಟಾರ್ಸ್.

ಬಸ್ಸು ತಪ್ಪಿದರೆ ಹೊಸದುರ್ಗಕ್ಕೆ ನಮಗಿದ್ದದ್ದು ಆ ಟ್ರ್ಯಾಕ್ಸೇ. ಒಳಗೆ ಒಬ್ಬರ ತೊಡೆಯ ಮೇಲೆ ಒಬ್ಬರು, ಮೇಲೆ ತೆಂಗಿನಕಾಯಿ ಚೀಲ. ನಡುರಾತ್ರಿ ನಮ್ಮಕ್ಕನಿಗೆ ಹೆರಿಗೆ ನೋವು ಬಂದಾಗ ಡ್ರೈವರನನ್ನು ಎಬ್ಬಿಸಿದೆವು. ಹೀಟರ್ ಪ್ಲಗ್ಗು ಬಿಸಿಯಾಗುವವರೆಗೆ ಅವನು ಕೀ ಹಿಡಿದು ಕೂತ ಆ ಕೆಲವು ಕ್ಷಣಗಳನ್ನು ನಮ್ಮವ್ವ ಕಡೆತನಕ ಮರೆಯಲಿಲ್ಲ. ಗಾಡಿ ಹೊರಟಿತು, ಮಗುವೂ ಬದುಕಿತು. ಅದರ ತಗಡು ತುಕ್ಕು ಹಿಡಿದಾಗಲೆಲ್ಲ ವೆಲ್ಡಿಂಗಿನವನು ತೇಪೆ ಹಾಕುತ್ತಿದ್ದ.

ಈಗ ಕಾನೂನು ನೋಡಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳನ್ನು ಪರಂಪರೆಯೆಂದು ಕಾಪಾಡಲು ನಿಯಮ ಮಾಡಿತು. ಗಾಡಿಗೆ 50 ವರ್ಷ ದಾಟಿರಬೇಕು. ಮೂಲರೂಪ ಕೆಟ್ಟಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ಇದೆಲ್ಲ ಇರಲಿ. ಅದು ಸ್ವಂತ ಬಳಕೆಯ ಗಾಡಿಯಾಗಿರಬೇಕಂತೆ, ಬಾಡಿಗೆಯದ್ದಲ್ಲ! ಅಂದರೆ ಸಾಹುಕಾರನ ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ್ದು ಪರಂಪರೆ, ಊರಿಗಾಗಿ ದುಡಿದದ್ದು ಗುಜರಿ. ಬರೆದವರು ಒಮ್ಮೆಯಾದರೂ ಟ್ರ್ಯಾಕ್ಸಿನ ಹಿಂಬದಿಗೆ ಜೋತುಬಿದ್ದು ಹೋಗಿದ್ದರೆ ಹೀಗೆ ಬರೆಯುತ್ತಿದ್ದರೆ?

ಜರ್ಮನಿಯಲ್ಲಿ 1997ರಿಂದ 30 ವರ್ಷದ ಗಾಡಿಗೇ 'ಎಚ್' ಅಕ್ಷರದ ಫಲಕ ಕೊಡುತ್ತಾರೆ. ಅಲ್ಲಿಯೂ ಮೂಲರೂಪ ಉಳಿದಿರಬೇಕು, ನಿಜ. ಆದರೆ ಒಂದು ಕಾಲಕ್ಕೆ ಟ್ಯಾಕ್ಸಿಯಾಗಿತ್ತೆಂದು ಅದನ್ನು ಹೊರಗಿಡುವುದಿಲ್ಲ. ಹೊಗೆ ನಿರ್ಬಂಧಿಸಿದ ಪೇಟೆಯೊಳಗೂ ಆ ಹಳೆಯ ಡೀಸೆಲ್ ಗಾಡಿಗೆ ಪ್ರವೇಶವಿದೆ.

ಹೊಗೆಯುಗುಳುವ ಟ್ರ್ಯಾಕ್ಸನ್ನು ಇನ್ನೂ ಓಡಿಸಿ ಎಂದು ನಾನು ಹೇಳುತ್ತಿಲ್ಲ. ಜನ ತುಂಬಿಕೊಂಡು ಮಗುಚಿದ್ದನ್ನೂ ಕಂಡಿದ್ದೇನೆ. ಅವು ನಿಲ್ಲಲಿ. ಆದರೆ ಎಲ್ಲವೂ ಗುಜರಿಗೆ ಹೋಗುವ ಮುಂಚೆ, ಚಿತ್ರದುರ್ಗದ ವಸ್ತುಸಂಗ್ರಹಾಲಯದಲ್ಲಿ ಪಾಳೆಯಗಾರರ ಕಾಲದ ಕತ್ತಿಗಳ ಪಕ್ಕ ಒಂದು ಟ್ರ್ಯಾಕ್ಸ್ ನಿಲ್ಲಿಸಿ. ಹೊಸದಾಗಿ ಬಣ್ಣ ಬಳಿಯಬೇಡಿ. ತೇಪೆ ಹಾಗೇ ಇರಲಿ, ಹಳದಿ ಬೋರ್ಡೂ ಇರಲಿ.