ಸಣ್ಣ ವಿಶ್ವವಿದ್ಯಾಲಯದ ಸಂಶೋಧನಾ ವೈವಿಧ್ಯ: ಹಂಪಿಯ ನಿದರ್ಶನ

ವಿಶ್ವವಿದ್ಯಾಲಯವೊಂದರ ಹಿರಿಮೆಯನ್ನು ಅಳೆಯಹೊರಟವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಎಣಿಸುತ್ತಾರೆ: ವಿದ್ಯಾರ್ಥಿಗಳು ಎಷ್ಟು, ಸಂಯೋಜಿತ ಕಾಲೇಜುಗಳು ಎಷ್ಟು, ವಾರ್ಷಿಕ ಆಯವ್ಯಯ ಎಷ್ಟು. 2025ರ ಆರಂಭದಲ್ಲಿ ಕರ್ನಾಟಕದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾಪ ಬಂದಾಗಲೂ ಚರ್ಚೆ ಬಹುಮಟ್ಟಿಗೆ ಹಣ, ಜಮೀನು ಮತ್ತು ದಾಖಲಾತಿಯ ಸುತ್ತಲೇ ನಡೆಯಿತು. ಈ ಅಳತೆಗೋಲು ಬೋಧನೆಯನ್ನೇ ಮುಖ್ಯ ಕಾರ್ಯವಾಗಿ ಉಳ್ಳ ಸಂಸ್ಥೆಗಳಿಗೆ ಒಂದು ಮಟ್ಟಿಗೆ ಒಪ್ಪಬಹುದು. ಸಂಶೋಧನೆಗೆಂದೇ ಹುಟ್ಟಿದ ಸಣ್ಣ ವಿಶ್ವವಿದ್ಯಾಲಯಕ್ಕೆ ಅದನ್ನು ಹಿಡಿದರೆ ಕಾಣಬೇಕಾದದ್ದೇ ಕಾಣದೆ ಹೋಗುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದಕ್ಕೆ ತಕ್ಕ ನಿದರ್ಶನ.

1991ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾಲಯಕ್ಕೆ ಚಂದ್ರಶೇಖರ ಕಂಬಾರರು ಮೊದಲ ಕುಲಪತಿಗಳು. ಪದವಿ ಕಾಲೇಜುಗಳ ದೊಡ್ಡ ಜಾಲವನ್ನು ಕಟ್ಟಿಕೊಳ್ಳದೆ, ಕನ್ನಡ ನಾಡು ನುಡಿಗಳನ್ನು ಕುರಿತ ಸಂಶೋಧನೆಯನ್ನು ಕನ್ನಡದಲ್ಲಿಯೇ ನಡೆಸುವುದನ್ನು ಅದು ಗುರಿಯಾಗಿ ಇಟ್ಟುಕೊಂಡಿತು. ಸಾಹಿತ್ಯ, ಭಾಷಾಧ್ಯಯನ, ಹಸ್ತಪ್ರತಿಶಾಸ್ತ್ರ, ಭಾಷಾಂತರ, ಮಹಿಳಾ ಅಧ್ಯಯನ, ಶಾಸನಶಾಸ್ತ್ರ, ಚರಿತ್ರೆ, ಪುರಾತತ್ವ, ಜಾನಪದ, ಬುಡಕಟ್ಟು ಅಧ್ಯಯನ, ಅಭಿವೃದ್ಧಿ ಅಧ್ಯಯನ, ಸಂಗೀತ, ದೃಶ್ಯಕಲೆ ಇವೆಲ್ಲವೂ ಒಂದೇ ಆವರಣದಲ್ಲಿ ನೆಲೆಗೊಂಡವು. ಬಳ್ಳಾರಿ ಜಿಲ್ಲೆಯ ಶಾಸನಗಳಿಂದ ತೊಡಗಿದ ಶಾಸನ ಸಂಪುಟಗಳು, ಮಂಟೇಸ್ವಾಮಿ, ಮಲೆಮಾದೇಶ್ವರ ಮೊದಲಾದ ಮೌಖಿಕ ಮಹಾಕಾವ್ಯಗಳ ಸಂಗ್ರಹಗಳು ಇಲ್ಲಿಂದ ಹೊರಬಂದವು. ಇಲ್ಲಿ ಅಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ಕರ್ನಾಟಕದ ಸೂಫಿ, ನಾಥ, ಶಾಕ್ತ ಪಂಥಗಳನ್ನು ಕ್ಷೇತ್ರಕಾರ್ಯದ ಮೂಲಕ ಶೋಧಿಸಿದರೆ, ಕೆ.ವಿ. ನಾರಾಯಣ ಅವರು ಕನ್ನಡ ಭಾಷಾಚಿಂತನೆಗೆ ಬೇರೆಯದೇ ದಿಕ್ಕನ್ನು ಕೊಟ್ಟರು. ಇಷ್ಟು ಸಣ್ಣ ಸಂಸ್ಥೆಗೆ ಇಷ್ಟೊಂದು ವಿಷಯಗಳು ಏಕೆ ಬೇಕು ಎಂಬ ಪ್ರಶ್ನೆ ಆಗಾಗ ಕೇಳಿಬರುವುದು ಸಹಜ. ಒಂದೆರಡು ವಿಷಯಗಳನ್ನು ಆರಿಸಿಕೊಂಡು ಅವುಗಳಲ್ಲಿ ಪರಿಣತಿ ಪಡೆದರೆ ಸಾಲದೆ ಎಂಬುದು ಆ ಪ್ರಶ್ನೆಯ ಒಳದನಿ.

ಉತ್ತರವನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ವಿಶ್ವವಿದ್ಯಾಲಯದಿಂದ ಕೆಲವೇ ಕಿಲೋಮೀಟರ್ ಅಂತರದಲ್ಲಿ, ಕಮಲಾಪುರದಿಂದ ಕಂಪಿಲಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ಜಿನಾಲಯವಿದೆ. ಅದರ ಮುಂದಿನ ದೀಪಸ್ತಂಭದ ಮೇಲಿರುವ ಸಂಸ್ಕೃತ ಶಾಸನದ ಪ್ರಕಾರ, ಎರಡನೆಯ ಹರಿಹರನ ಕಾಲದಲ್ಲಿ, ಕ್ರಿ.ಶ. 1385ರ ಸುಮಾರಿಗೆ, ಇರುಗಪ್ಪ ದಂಡನಾಯಕನು ವಿಜಯನಗರದಲ್ಲಿ ಕುಂಥುನಾಥ ತೀರ್ಥಂಕರರಿಗೆ ಈ ಶಿಲಾಮಯ ಚೈತ್ಯಾಲಯವನ್ನು ಕಟ್ಟಿಸಿದನು. ಈತನು ದಂಡನಾಯಕನಷ್ಟೇ ಅಲ್ಲ, ‘ನಾನಾರ್ಥರತ್ನಮಾಲಾ’ ಎಂಬ ಸಂಸ್ಕೃತ ನಿಘಂಟಿನ ಕರ್ತೃವೆಂದೂ ಪ್ರಸಿದ್ಧನು. ಆದರೆ ಜನರ ಬಾಯಲ್ಲಿ ಈ ಬಸದಿಗೆ ಇರುಗಪ್ಪನ ಹೆಸರೂ ಇಲ್ಲ, ಕುಂಥುನಾಥರ ಹೆಸರೂ ಇಲ್ಲ. ಅದು ‘ಗಾಣಗಿತ್ತಿ’ಯ ಗುಡಿ, ಎಂದರೆ ಎಣ್ಣೆಗಾಣದ ಹೆಂಗಸಿನ ಗುಡಿ.

ಶಾಸನತಜ್ಞನಿಗೆ ಈ ಕಟ್ಟಡದ ಕಾಲ, ಕರ್ತೃ, ಗುರುಪರಂಪರೆ ಇವೆಲ್ಲ ಸ್ಪಷ್ಟ. ಅವನ ಕೆಲಸ ಅಲ್ಲಿಗೆ ಮುಗಿಯಿತೆನ್ನಬಹುದು. ಆದರೆ ದಂಡನಾಯಕನ ಹೆಸರು ಅಳಿದು ಗಾಣದ ಹೆಂಗಸಿನ ಹೆಸರು ಉಳಿದದ್ದು ಹೇಗೆ ಎಂಬುದನ್ನು ಶಾಸನ ಹೇಳದು. ದೀಪದೆಣ್ಣೆಯ ದತ್ತಿಗೂ ಈ ಹೆಸರಿಗೂ ಸಂಬಂಧವಿದೆಯೆ? ಜೀರ್ಣೋದ್ಧಾರ ಮಾಡಿಸಿದ ಹೆಂಗಸೊಬ್ಬಳ ನೆನಪೆ? ಪೂಜೆ ನಿಂತುಹೋದ ಮೇಲೆ ಬೇರೊಂದು ಸಮುದಾಯ ಕಟ್ಟಡಕ್ಕೆ ಕೊಟ್ಟ ಹೆಸರೆ? ಇವು ಜಾನಪದ, ಸ್ಥಳನಾಮ ಅಧ್ಯಯನ, ಮಹಿಳಾ ಅಧ್ಯಯನ ಮತ್ತು ಆರ್ಥಿಕ ಚರಿತ್ರೆಗಳು ಕೇಳುವ ಪ್ರಶ್ನೆಗಳು. ಒಂದೇ ಕಲ್ಲುಕಟ್ಟಡ ಇಷ್ಟು ಶಾಸ್ತ್ರಗಳಿಗೆ ಪ್ರಶ್ನೆಗಳನ್ನು ಒಡ್ಡುತ್ತಿರುವಾಗ, ಅವುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಕೈಬಿಡುವುದು ಮಿತವ್ಯಯವಾಗದು.

ತುಂಗಭದ್ರೆಯ ಆಚೆಗಿರುವ ಕೊಪ್ಪಳವು ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು. ಅಶೋಕನ ಶಾಸನಗಳಿರುವ ಪಾಲ್ಕಿಗುಂಡಿನ ಬೆಟ್ಟದ ಮೇಲೆಯೇ ಕೊರೆದ ಪಾದಗಳೂ ಅವುಗಳ ಬಳಿ ಒಂದು ಕಿರುಶಾಸನವೂ ಇವೆ. ಅವು ಜಟಾಸಿಂಗನಂದಿ ಆಚಾರ್ಯರ ಪಾದಗಳೆಂದೂ ಅವುಗಳನ್ನು ಮಾಡಿಸಿದವನು ಚಾವಯ್ಯನೆಂದೂ ಆ ಶಾಸನ ತಿಳಿಸುತ್ತದೆ. ಅಷ್ಟನ್ನೇ ಓದಿದವನಿಗೆ ಅದು ಒಬ್ಬ ಮುನಿಯ ಸ್ಮಾರಕ ಮಾತ್ರ. ಇತ್ತ ಕೊಲ್ಹಾಪುರದ ಲಕ್ಷ್ಮೀಸೇನ ಮಠದ ತಾಳೆಗರಿಗಳ ನಡುವೆ ‘ವರಾಂಗಚರಿತ’ವೆಂಬ ಸಂಸ್ಕೃತ ಕಾವ್ಯವಿತ್ತು. ಆ.ನೇ. ಉಪಾಧ್ಯೆಯವರು ಅದನ್ನು ಸಂಪಾದಿಸಿ 1938ರಲ್ಲಿ ಪ್ರಕಟಿಸಿದರು. ಪ್ರಾಕೃತದ ‘ಕುವಲಯಮಾಲಾ’, ಕನ್ನಡದ ‘ಚಾವುಂಡರಾಯಪುರಾಣ’ ಮೊದಲಾದ ಕೃತಿಗಳಲ್ಲಿ ದೊರೆತ ಉಲ್ಲೇಖಗಳನ್ನು ಒಂದಕ್ಕೊಂದು ಹೊಂದಿಸಿ, ಆ ಕಾವ್ಯದ ಕರ್ತೃ ಜಟಾಸಿಂಹನಂದಿ ಎಂಬುದನ್ನು ಅವರು ಸ್ಥಾಪಿಸಿದರು. ಕೊಪ್ಪಳದ ಬೆಟ್ಟದ ಪಾದಗಳು ಕವಿಯೊಬ್ಬನ ಸ್ಮಾರಕವಾಗಿ ಕಾಣತೊಡಗಿದ್ದು ಆ ಬಳಿಕ.

ಇಲ್ಲಿ ಶಾಸನಶಾಸ್ತ್ರ, ಹಸ್ತಪ್ರತಿಶಾಸ್ತ್ರ, ಪ್ರಾಕೃತ ಮತ್ತು ಕನ್ನಡ ಸಾಹಿತ್ಯಗಳ ಪರಿಚಯ ಒಬ್ಬರಲ್ಲಿಯೇ ಕೂಡಿತ್ತು. ಉಪಾಧ್ಯೆಯವರು ಆಗ ಇದ್ದದ್ದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಅಲ್ಲ. ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅವರು ಅರ್ಧಮಾಗಧಿಯ ಅಧ್ಯಾಪಕರು. ಅಂತಹ ಬಹುಶ್ರುತತೆ ಎಲ್ಲ ಕಾಲದಲ್ಲಿಯೂ ಎಲ್ಲರಿಗೂ ಸಾಧ್ಯವಿಲ್ಲ. ಒಬ್ಬರಲ್ಲಿ ಕೂಡದ ವಿದ್ಯೆಗಳು ಒಂದು ಆವರಣದಲ್ಲಾದರೂ ಕೂಡಲಿ ಎಂಬುದೇ ಸಣ್ಣ ಸಂಶೋಧನಾ ವಿಶ್ವವಿದ್ಯಾಲಯದ ಅರ್ಥ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳು ಬೆಳೆದು ತಮ್ಮ ತಮ್ಮ ಕಟ್ಟಡಗಳಲ್ಲಿ ತಾವೇ ತುಂಬಿಕೊಳ್ಳುತ್ತವೆ. ಶಾಸನ ಓದುವವರು ಶಾಸನ ಓದುವವರೊಡನೆಯೇ ಮಾತನಾಡುತ್ತಾರೆ. ಸಣ್ಣ ಸಂಸ್ಥೆಯಲ್ಲಿ ಶಾಸನತಜ್ಞನಿಗೆ ಪಕ್ಕದ ಕೊಠಡಿಯ ಜಾನಪದ ವಿದ್ವಾಂಸನನ್ನು ಬಿಟ್ಟರೆ ಮಾತಿಗೆ ಬೇರೆ ಜನವಿರುವುದಿಲ್ಲ. ಈ ಅನಿವಾರ್ಯತೆಯೇ ಅದರ ಬಲ.

ವೈವಿಧ್ಯದ ಇನ್ನೊಂದು ಪ್ರಯೋಜನವೆಂದರೆ ಪರಸ್ಪರ ತಿದ್ದುಪಡಿ. ಮಲೆಮಾದೇಶ್ವರ ಕಾವ್ಯದಲ್ಲಿ ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣನೆಂಬ ದೊರೆಯ ಪ್ರಸಂಗ ಬರುತ್ತದೆ. ಮಾದೇಶ್ವರನು ಅವನನ್ನು ಸಂಹರಿಸುತ್ತಾನೆ. ‘ಶ್ರವಣ’ ಎಂಬುದರಲ್ಲಿ ‘ಶ್ರಮಣ’ವನ್ನು ಕಂಡು, ಇದು ಜೈನ–ಶೈವ ಸಂಘರ್ಷದ ಜನಪದ ಸ್ಮೃತಿ ಎಂದು ವ್ಯಾಖ್ಯಾನಿಸಿದವರುಂಟು. ಶ್ರವಣಬೆಳಗೊಳದ ಹೆಸರು ಆ ಊಹೆಗೆ ಬೆಂಬಲವಾಗಿ ತೋರುತ್ತದೆ. ಆದರೆ ಭಾಷಾಶಾಸ್ತ್ರಜ್ಞನು ಕನ್ನಡದಲ್ಲಿ ‘ಶ್ರಮಣ’ದ ತದ್ಭವವಾಗಿ ರೂಢಿಗೆ ಬಂದದ್ದು ‘ಸವಣ’ ಎಂಬುದನ್ನು ನೆನಪಿಸಬಲ್ಲನು. ಚರಿತ್ರಕಾರನು ಆ ಬೆಟ್ಟಗಳ ಪರಿಸರದಲ್ಲಿ ಜೈನ ಅವಶೇಷಗಳು ಎಲ್ಲಿ, ಯಾವ ಕಾಲದವು ಎಂದು ಕೇಳಬಲ್ಲನು. ಜಾನಪದ ವಿದ್ವಾಂಸನು ದೇವತೆಗಳನ್ನು ಸೆರೆಯಲ್ಲಿಡುವ ರಕ್ಕಸನ ಆಶಯ ಬೇರೆ ಕಥೆಗಳಲ್ಲಿಯೂ ಇರುವುದನ್ನು ತೋರಿಸಬಲ್ಲನು. ಇವರಲ್ಲಿ ಯಾರೊಬ್ಬರೂ ಇಲ್ಲದ ಕಡೆ ಆ ಸಮೀಕರಣ ಪ್ರಶ್ನೆಯಿಲ್ಲದೆ ಪಠ್ಯಪುಸ್ತಕವನ್ನು ಸೇರುತ್ತದೆ. ಎಲ್ಲರೂ ಇರುವ ಕಡೆ ಅದು ಊಹೆಯಾಗಿಯೇ ಉಳಿದು, ಸಾಕ್ಷ್ಯಕ್ಕಾಗಿ ಕಾಯುತ್ತದೆ. ಜೈನ ಚರಿತ್ರೆಯ ಅಭ್ಯಾಸಿಗಳಿಗೆ ಈ ಕಾಯುವಿಕೆ ಬಹಳ ಮುಖ್ಯ. ಸೋತವರೆಂಬ ಕರುಣೆಯ ಕಥನವನ್ನಾಗಲಿ, ಎಲ್ಲೆಡೆ ತಾವೇ ಇದ್ದೆವೆಂಬ ಅಭಿಮಾನದ ಕಥನವನ್ನಾಗಲಿ ಒಂದು ಹೆಸರಿನ ಸಾಮ್ಯದ ಮೇಲೆ ಕಟ್ಟಲಾಗದು.

ಹೀಗೆಂದಮಾತ್ರಕ್ಕೆ ವೈವಿಧ್ಯವೆಂದು ಕರೆಸಿಕೊಳ್ಳುವುದೆಲ್ಲವೂ ವೈವಿಧ್ಯವಲ್ಲ. ಕನ್ನಡದ ಪಿಎಚ್.ಡಿ. ಪ್ರಬಂಧಗಳ ಶೀರ್ಷಿಕೆಗಳನ್ನು ಸಾಲಾಗಿ ಓದಿದರೆ ತಾಲ್ಲೂಕುಗಳು ಬದಲಾಗುತ್ತವೆ, ಕವಿಗಳು ಬದಲಾಗುತ್ತಾರೆ, ಸಮುದಾಯಗಳು ಬದಲಾಗುತ್ತವೆ. ‘ಒಂದು ಸಾಂಸ್ಕೃತಿಕ ಅಧ್ಯಯನ’, ‘ಒಂದು ಸಮಗ್ರ ಅಧ್ಯಯನ’ ಎಂಬ ಬಾಲ ಮಾತ್ರ ಬದಲಾಗುವುದಿಲ್ಲ. ಪ್ರಾಕೃತಿಕ ಹಿನ್ನೆಲೆ, ಐತಿಹಾಸಿಕ ಹಿನ್ನೆಲೆ, ಹಬ್ಬಹರಿದಿನಗಳು, ಸಮಾರೋಪ ಎಂಬ ಅಧ್ಯಾಯಕ್ರಮವೂ ಬಹುತೇಕ ಒಂದೇ. ವಸ್ತು ನೂರಾದರೂ ಪ್ರಶ್ನೆ ಒಂದೇ ಆದರೆ ಅದು ಸಂಖ್ಯೆಯ ಹೆಚ್ಚಳ ಮಾತ್ರ. ಅಧ್ಯಯನ ಪೀಠಗಳ ವಿಷಯದಲ್ಲಿಯೂ ಇಂತಹ ಅಪಾಯವಿದೆ. ಒಂದೊಂದು ಪಂಥಕ್ಕೆ, ಒಂದೊಂದು ಸಮುದಾಯಕ್ಕೆ ಒಂದೊಂದು ಪೀಠವಾಗಿ, ಆಯಾ ಸಮುದಾಯದವರೇ ಅಲ್ಲಿ ಮಾತನಾಡಿ, ಅವರೇ ಕೇಳಿ, ಅವರೇ ಮೆಚ್ಚಿದರೆ ಸಂಶೋಧನೆ ಸ್ತುತಿಯಾಗಿ ಮುಗಿಯುತ್ತದೆ. ಜೈನ ಅಧ್ಯಯನವೂ ಈ ಮಾತಿಗೆ ಹೊರತಲ್ಲ. ಬಸದಿಯ ಚರಿತ್ರೆಯನ್ನು ಜೈನರೂ, ದರ್ಗಾದ ಚರಿತ್ರೆಯನ್ನು ಮುಸ್ಲಿಮರೂ, ಮಠದ ಚರಿತ್ರೆಯನ್ನು ವೀರಶೈವರೂ ಮಾತ್ರ ಬರೆಯುವುದಾದರೆ ವಿಶ್ವವಿದ್ಯಾಲಯವೆಂಬ ಸಾಮಾನ್ಯ ನೆಲ ಏತಕ್ಕೆ ಬೇಕು? ಸೂಫಿಗಳನ್ನು ಶೋಧಿಸಿದ ಲೇಖನಿಯೇ ನಾಥರನ್ನೂ ಶಾಕ್ತರನ್ನೂ ಶೋಧಿಸಿದ ಹಂಪಿಯ ಉದಾಹರಣೆ ಇಲ್ಲಿ ದಾರಿ ತೋರುವಂತಹುದು.

ಇಷ್ಟನ್ನು ಒಪ್ಪಿದ ಮೇಲೆ ಉಳಿಯುವುದು ಈ ವೈವಿಧ್ಯ ಎಷ್ಟು ಕಾಲ ಬದುಕೀತು ಎಂಬ ಪ್ರಶ್ನೆ. ಕನ್ನಡ ವಿಶ್ವವಿದ್ಯಾಲಯದ ಅನುದಾನದ ಕೊರತೆ, ಸಂಶೋಧನಾರ್ಥಿಗಳ ಶಿಷ್ಯವೇತನದ ವಿಳಂಬ ಇವು ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಪದೇ ಪದೇ ವರದಿಯಾಗಿವೆ. ಹಣದ ಕೊರತೆ ಎಲ್ಲ ವಿಶ್ವವಿದ್ಯಾಲಯಗಳಿಗೂ ಇದ್ದೀತು. ಆದರೆ ಅದರ ಪರಿಣಾಮ ಎಲ್ಲೆಡೆಯೂ ಒಂದೇ ಅಲ್ಲ. ಇಪ್ಪತ್ತು ಜನರಿರುವ ವಿಭಾಗದಲ್ಲಿ ಒಬ್ಬರು ನಿವೃತ್ತರಾದರೆ ಒಂದು ಹುದ್ದೆ ಖಾಲಿಯಾಗುತ್ತದೆ. ಇಬ್ಬರು ಮೂವರಿರುವ ವಿಭಾಗದಲ್ಲಿ ಒಬ್ಬರು ನಿವೃತ್ತರಾದರೆ ಒಂದು ವಿದ್ಯೆಯೇ ಖಾಲಿಯಾಗಬಹುದು. ತಿಗಳಾರಿ ಲಿಪಿ ಓದಬಲ್ಲವರು, ಹಳಗನ್ನಡ ಶಾಸನದ ಅಚ್ಚು ತೆಗೆಯಬಲ್ಲವರು, ಮೌಖಿಕ ಕಾವ್ಯದ ಹಾಡುಗಾರರ ನಂಟು ಉಳ್ಳವರು ಜಾಹೀರಾತು ಹೊರಡಿಸಿದ ತಿಂಗಳಲ್ಲಿ ಸಿದ್ಧವಾಗಿ ದೊರೆಯುವುದಿಲ್ಲ. ಆ ಕೈಗಳು ಪಳಗುವುದು ಮತ್ತೊಂದು ಪಳಗಿದ ಕೈಯ ಜೊತೆಯಲ್ಲಿ ವರ್ಷಗಟ್ಟಲೆ ಇದ್ದಾಗ. ನಡುವೆ ಐದು ವರ್ಷ ಹುದ್ದೆ ಖಾಲಿ ಉಳಿದರೆ, ಆರನೆಯ ವರ್ಷ ಬಂದವರಿಗೆ ಕಲಿಸಲು ಅಲ್ಲಿ ಯಾರೂ ಇರುವುದಿಲ್ಲ.

ಆದ್ದರಿಂದ ಮೊದಲು ಆಗಬೇಕಾದದ್ದು ಹೊಸ ಪೀಠಗಳ ಘೋಷಣೆಯಲ್ಲ. ಒಬ್ಬರೇ ತಜ್ಞರಿರುವ ವಿಷಯಗಳನ್ನು ಗುರುತಿಸಿ, ಅವರ ನಿವೃತ್ತಿಗೆ ಮೊದಲೇ ಉತ್ತರಾಧಿಕಾರಿಯನ್ನು ನೇಮಿಸಿ, ಇಬ್ಬರೂ ಒಟ್ಟಿಗೆ ಕೆಲಸ ಮಾಡಲು ಕೆಲವು ಕಾಲವಾದರೂ ಅವಕಾಶ ಕೊಡಬೇಕು. ಎರಡನೆಯದಾಗಿ, ಪ್ರತಿ ಸಂಶೋಧನಾರ್ಥಿಗೆ ಮತ್ತೊಂದು ವಿಭಾಗದಿಂದ ಒಬ್ಬ ಸಹಮಾರ್ಗದರ್ಶಕರು ಇರಬೇಕು. ಶಾಸನವನ್ನು ಕುರಿತ ಪ್ರಬಂಧವನ್ನು ಜಾನಪದ ವಿದ್ವಾಂಸರೂ, ಜಾನಪದವನ್ನು ಕುರಿತುದನ್ನು ಭಾಷಾಶಾಸ್ತ್ರಜ್ಞರೂ ಓದಿ ಪ್ರಶ್ನಿಸಿದಾಗ ‘ಸಮಗ್ರ’ ಎಂಬ ಮಾತಿಗೆ ಅರ್ಥ ಬರುತ್ತದೆ. ಮೂರನೆಯದಾಗಿ, ಶಾಸನಗಳ ಪಡಿಯಚ್ಚು, ಹಸ್ತಪ್ರತಿಗಳ ಛಾಯಾಚಿತ್ರ, ಹಾಡುಗಾರರ ಧ್ವನಿಮುದ್ರಿಕೆಗಳು ಪ್ರಬಂಧ ಸಲ್ಲಿಕೆಯಾದೊಡನೆ ಕಪಾಟನ್ನು ಸೇರದೆ ಇತರರಿಗೂ ದೊರೆಯುವಂತಾಗಬೇಕು. ಶೋಧಗಂಗಾ ಜಾಲದಲ್ಲಿ ಪ್ರಬಂಧಗಳನ್ನು ಓದಲು ಈಗ ಸಾಧ್ಯವಿದೆ. ಆ ಪ್ರಬಂಧಗಳು ನಿಂತಿರುವ ಮೂಲ ಆಕರಗಳು ಬಹುಪಾಲು ಓದುಗರಿಗೆ ಇನ್ನೂ ದೂರವೇ.

ಈ ಮೂರಕ್ಕೂ ಭಾರೀ ಕಟ್ಟಡಗಳು ಬೇಡ. ಬೇಕಾದದ್ದು ನಿಯತವಾದ ನೇಮಕಾತಿ, ಸಕಾಲಕ್ಕೆ ಕೈಸೇರುವ ಶಿಷ್ಯವೇತನ ಮತ್ತು ವಿಭಾಗಗಳು ಒಂದರ ಕೆಲಸವನ್ನು ಇನ್ನೊಂದು ಓದುವ ಅಭ್ಯಾಸ. ಗಾಣಗಿತ್ತಿಯ ಹೆಸರಿನ ಮೂಲವನ್ನು ಹುಡುಕಹೊರಡುವ ವಿದ್ಯಾರ್ಥಿಗೆ ದೀಪಸ್ತಂಭದ ಸಂಸ್ಕೃತವನ್ನು ಓದಿಸುವವರು, ಕಮಲಾಪುರದ ಹಳೆಯ ಗಾಣಿಗರ ಓಣಿಗಳನ್ನು ವಿಚಾರಿಸಲು ಕಲಿಸುವವರು, ಕೈಫಿಯತ್ತುಗಳನ್ನು ಶೋಧಿಸಲು ಹಚ್ಚುವವರು ಒಂದೇ ಆವರಣದಲ್ಲಿ ಸಿಗುವಂತಿರಬೇಕು. ಸಣ್ಣ ವಿಶ್ವವಿದ್ಯಾಲಯವನ್ನು ಉಳಿಸಬೇಕೆ ಎಂದು ಕೇಳುವವರು ಅಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂದು ಎಣಿಸುವ ಮೊದಲು, ಆ ಒಬ್ಬ ವಿದ್ಯಾರ್ಥಿಗೆ ಬೇಕಾದ ಗುರುಗಳಲ್ಲಿ ಎಷ್ಟು ಮಂದಿ ಇನ್ನೂ ಅಲ್ಲಿದ್ದಾರೆ ಎಂದು ಎಣಿಸುವುದು ಒಳ್ಳೆಯದು.