ಸಾಕುಮಗುವೂ ದತ್ತುಮಗುವೂ

ದಂಪತಿಗಳು ಕಾನೂನಿನ ಕ್ರಮದಂತೆ ಮಗುವೊಂದನ್ನು ದತ್ತು ತೆಗೆದುಕೊಂಡಾಗ, ನೋಡಬಂದ ನೆಂಟರಲ್ಲಿ ಯಾರಾದರೊಬ್ಬರು “ಸಾಕುಮಗು ಬಹಳ ಲಕ್ಷಣವಾಗಿದೆ” ಎಂದು ಮೆಚ್ಚಿ ನುಡಿಯುವುದುಂಟು. ಆಡಿದವರ ಮನಸ್ಸಿನಲ್ಲಿ ಕೇಡಿಲ್ಲ. ಆದರೂ ಕೇಳಿದ ತಾಯಿಯ ಮುಖ ಬಾಡುತ್ತದೆ. ಅದಕ್ಕೆ ಕಾರಣವೇನೆಂಬುದು ಇಂಗ್ಲಿಷಿನ ಎರಡು ಪದಗಳನ್ನು ವಿಚಾರಿಸಿದರೆ ವಿಶದವಾಗುತ್ತದೆ.

‘ಫಾಸ್ಟರ್’ ಒಂದು, ‘ಅಡಾಪ್ಟ್’ ಇನ್ನೊಂದು. ಪರರು ಹೆತ್ತ ಮಗುವನ್ನು ಬೆಳೆಸುವುದೆಂಬ ಅರ್ಥ ಎರಡಕ್ಕೂ ಸಮಾನವೆಂದು ಮೇಲುನೋಟಕ್ಕೆ ತೋರುತ್ತದೆ. ಫಾಸ್ಟರ್ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಆಹಾರ, ಪೋಷಣೆ ಎಂಬರ್ಥವಿದ್ದ ಶಬ್ದದಿಂದ ಬಂದುದು. ‘ಫುಡ್’ ಎಂಬ ಮಾತಿಗೆ ಅದು ದಾಯಾದಿ. ಅಡಾಪ್ಟ್ ಲ್ಯಾಟಿನ್ ಮೂಲದ್ದು. ಆರಿಸಿಕೊಳ್ಳುವುದೆಂಬುದು ಅದರ ತಿರುಳು. ‘ಆಪ್ಷನ್’ ಎಂಬ ಪದವೂ ಅದೇ ಬೇರಿನದು. ನಮ್ಮ ‘ದತ್ತ’ವಾದರೋ ಕೊಡಲ್ಪಟ್ಟದ್ದು ಎಂದು ಹೇಳಿ, ಕೊಟ್ಟವರನ್ನೂ ನೆನೆಯುತ್ತದೆ.

ಈ ಭೇದ ನಿಘಂಟಿಗಷ್ಟೇ ಸೇರಿದ್ದಲ್ಲ. ಹಿಂದೂಗಳಿಗೆ ಅನ್ವಯಿಸುವ 1956ರ ದತ್ತಕ ಕಾಯಿದೆಯಂತೆ, ದತ್ತುಮಗು ಆ ದಿನದಿಂದ ಎಲ್ಲ ವಿಷಯಗಳಲ್ಲಿಯೂ ಆ ಮನೆಯ ಮಗುವೇ. ಕ್ರಮಬದ್ಧವಾಗಿ ನಡೆದ ದತ್ತಕವನ್ನು ತಂದೆತಾಯಿಯರು ಮುಂದೆ ರದ್ದುಮಾಡುವಂತಿಲ್ಲ. ಫಾಸ್ಟರ್ ಹಾಗಲ್ಲ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಹೆತ್ತವರು ಅಸಮರ್ಥರಾದಾಗ ಮಗುವನ್ನು ಬೇರೊಂದು ಕುಟುಂಬದ ಆಶ್ರಯದಲ್ಲಿಡಬಹುದು. ಅನ್ನ, ಆರೋಗ್ಯ, ವಿದ್ಯೆಗಳು ಆ ಕುಟುಂಬದ ಹೊಣೆ. ಮಗುವಿಗೆ ಅಹಿತವಾಗದಿದ್ದರೆ ಹೆತ್ತವರು ಆಗಾಗ ಬಂದು ನೋಡಬಹುದು. ಅವರು ಯೋಗ್ಯರೆಂದು ನಿರ್ಣಯವಾದ ಮೇಲೆ ಮಗು ಅವರಲ್ಲಿಗೆ ಹಿಂದಿರುಗಬಹುದು.

ಸಾಕುವುದು ಇದರಿಂದ ಕೀಳಾಯಿತೆಂದು ತಿಳಿಯಬಾರದು. ಯಶೋದೆ ಕೃಷ್ಣನಿಗೆ ಹಾಲು ಬೆಣ್ಣೆಗಳನ್ನುಣಿಸಿ ಬೆಳೆಸಿದಳು. ಅಕ್ರೂರನ ರಥ ಬಂದಾಗ ಕೃಷ್ಣ ಗೋಕುಲವನ್ನು ಬಿಟ್ಟು ಮಧುರೆಗೆ, ಹೆತ್ತ ದೇವಕಿಯ ಬಳಿಗೆ ಹೋದ. ತನ್ನಲ್ಲಿ ಉಳಿಯದ ಮಗುವಿಗೂ ಕೊರತೆಯಿಲ್ಲದಂತೆ ಪ್ರೀತಿಯನ್ನೆರೆಯುವುದು ಸಾಮಾನ್ಯವಾದ ತಾಯ್ತನವಲ್ಲ.

ಆದರೆ ದತ್ತುಮಗುವನ್ನು ಸಾಕುಮಗುವೆಂದು ಕರೆದರೆ, ಎಂದೋ ಒಂದು ದಿನ ಈ ಮನೆಯನ್ನು ಬಿಡಬೇಕಾದೀತೆಂದು ಅದಕ್ಕೆ ಸೂಚಿಸಿದಂತಾಗುತ್ತದೆ. ತಾಯಿಯ ಮುಖ ಬಾಡುವುದು ಇದರಿಂದಲೇ. ‘ದತ್ತು’ ಎಂಬ ಮಾತು ಕೂಡ ಕಾಗದಪತ್ರಗಳಿಗೆ ಬೇಕಾದದ್ದು. ನೆಂಟರಿಷ್ಟರ ಬಾಯಿಗೆ ‘ಮಗು’ ಎಂಬ ಮಾತೊಂದೇ ಸಾಕು.